ಹೇಳಿದ ಕ್ರಮ, ಮಾಡುವ ಕ್ರಮ



ಕಳೆದ ಮೇ ತಿಂಗಳ ಕೊನೆಯ ವಾರ, ಮೂಡುಬಿದಿರೆಯ ಬಸದಿಗಳನ್ನು ಕಣ್ಣಾರೆ ಕಾಣಬೇಕೆಂಬ ಬಹುದಿನದ ಅಪೇಕ್ಷೆಯಿಂದ ನಾವು ತುಳುನಾಡಿಗೆ ಹೋಗಿದ್ದೆವು. ಅಲ್ಲಿಗೆ ಸಮೀಪದಲ್ಲಿ ಶಿರ್ತಾಡಿ ಎಂಬ ಊರಿದೆ. ವಿಜಯಪುರ ಸೀಮೆಯ ನಮ್ಮ ಪರಿಚಿತ ಮನೆತನದವರೊಬ್ಬರು ಆ ಭಾಗದ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದು, ಶಿರ್ತಾಡಿಯ ವೃದ್ಧ ಅಡಿಕೆ ಕೃಷಿಕರೊಬ್ಬರ ಮನೆಯ ಒಂದು ಪಾರ್ಶ್ವದಲ್ಲಿ ಸಂಸಾರ ಹೂಡಿದ್ದಾರೆ. ಅವರ ಒತ್ತಾಯಕ್ಕೆ ಮಣಿದು ಮೂರು ದಿನ ಅಲ್ಲಿಯೇ ಉಳಿದೆವು. ಬಸದಿಗಳ ವಿಷಯವನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಂಡು, ಆ ಮನೆಯ ಜಗಲಿಯಲ್ಲಿ ನಡೆದ ಸಣ್ಣ ಪ್ರಸಂಗವೊಂದನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಮಳೆಗಾಲ ಹಿಡಿಯುವ ಮೊದಲು ಅಡಿಕೆಗೊನೆಗಳಿಗೆ ಮದ್ದು ಬಿಡುವುದು ಆ ಸೀಮೆಯ ವಾಡಿಕೆ. ಮೈಲುತುತ್ತು ಮತ್ತು ಸುಣ್ಣ ಕೂಡಿದ ಬೋರ್ಡೋ ಮಿಶ್ರಣವೇ ಆ ಮದ್ದು. ಮನೆಯೊಡೆಯರ ಕೈಗೆ ಅದನ್ನು ತಯಾರಿಸುವ ವಿಧಾನವನ್ನು ಅಚ್ಚು ಮಾಡಿದ ಒಂದು ಹಾಳೆ ಬಂದಿತ್ತು. ಕನ್ನಡಕ ಒಡೆದು ಪೇಟೆಗೆ ಹೋಗಿದ್ದ ದಿನ ಅದು. ಅವರು ಶಿಕ್ಷಕರ ಮಗಳನ್ನು ಕರೆದು, “ಮಗಳೇ, ಇದರಲ್ಲಿ ಏನುಂಟು ಅಂತ ಸ್ವಲ್ಪ ಓದಿ ಹೇಳು, ಹೊಸತೇನಾದರೂ ಬರೆದಿದ್ದಾರಾ ನೋಡುವ” ಎಂದರು. ಐದನೆಯ ತರಗತಿಗೆ ಆಗತಾನೆ ಕಾಲಿಟ್ಟ ಹುಡುಗಿ. ಒಂದು ಒತ್ತಕ್ಷರವೂ ತಪ್ಪದಂತೆ ಗಂಟೆ ಬಾರಿಸಿದ ಹಾಗೆ ಓದಿದಳು. ನಮಗೂ ಸಂತೋಷವಾಯಿತು. ಅನಂತರ ಹಿರಿಯರು ಕೇಳಿದರು: “ಸರಿ, ಈಗ ಹೇಳು, ಮೊದಲು ಏನು ಮಾಡಬೇಕಂತೆ?”

ಹಾಳೆಯಲ್ಲಿದ್ದುದರ ಸಾರ ಇಷ್ಟು: ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ಅದಕ್ಕೆ ಮುನ್ನ ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿಕೊಂಡಿರಬೇಕು. ಹುಡುಗಿ ತಡಮಾಡದೆ, “ಮೊದಲು ಸುರೀಬೇಕು ಅಜ್ಜಾ, ಆಮೇಲೆ ಬೇರೆ ಬೇರೆ ಕರಗಿಸಬೇಕು” ಎಂದಳು.

“ಒಮ್ಮೆ ಸುರಿದು ಒಂದು ಮಾಡಿದ ಮೇಲೆ ಬೇರೆ ಬೇರೆ ಕರಗಿಸುವುದು ಹೇಗೆ ಮಾರಾಯ್ತಿ!” ಎಂದು ಹಿರಿಯರು ನಕ್ಕರು. ನಲವತ್ತು ಮಳೆಗಾಲ ಮದ್ದು ಬಿಡಿಸಿದ ಅನುಭವಿಗಳು ಅವರು. ಮಗು ತಪ್ಪಿದರೂ ಅವರು ತಪ್ಪುವವರಲ್ಲ. ಆದರೆ ಹುಡುಗಿಯ ಮುಖ ಬಾಡಿತು. ತಂದೆಗೆ ಅದಕ್ಕಿಂತ ಹೆಚ್ಚು ಅವಮಾನವಾಯಿತು. “ಅಜ್ಜಾರ, ಕನ್ನಡದಾಗ ಇಕಿ ಕ್ಲಾಸಿಗೇ ಮೊದಲ ನಂಬರ್ರೀ. ಲಕ್ಷ್ಯ ಇಲ್ಲ, ಅದಕ್ಕ ಹಿಂಗ” ಎಂದು ನಮ್ಮತ್ತ ತಿರುಗಿ ಹೇಳಿ, ಮಗಳಿಗೆ ಗದರಿಸಿದರು. ಹುಡುಗಿ ಅಳುದನಿಯಲ್ಲಿ ಹೇಳಿದ ಮಾತು ನಮ್ಮ ಕಿವಿಯಲ್ಲಿ ಈಗಲೂ ಇದೆ: “ಎಲ್ಲಾ ಸರಿಯಾಗೇ ಓದೀನಲ್ಲ ಅಪ್ಪಾ.”

ಸರಿಯಾಗಿಯೇ ಓದಿದ್ದಳು. ಲಕ್ಷ್ಯದ ಕೊರತೆಯೂ ಅಲ್ಲಿರಲಿಲ್ಲ. ಬರೆಹದಲ್ಲಿ ಯಾವುದು ಮೊದಲು ಬಂದಿದೆಯೋ ಕಾರ್ಯದಲ್ಲಿಯೂ ಅದೇ ಮೊದಲು ಎಂದು ಅವಳು ನಂಬಿದ್ದಳು. ಕಥೆಗಳು ಬಹುಮಟ್ಟಿಗೆ ಹಾಗೆಯೇ ಸಾಗುತ್ತವೆ: ರಾಜನಿದ್ದ, ಬೇಟೆಗೆ ಹೋದ, ದಾರಿ ತಪ್ಪಿದ. ನಾಲ್ಕು ವರ್ಷ ಕಥೆಯನ್ನೇ ಓದಿ ಬೆಳೆದ ಮಗು, ವಿಷಯವನ್ನು ತಿಳಿಸುವ ಬರೆಹವನ್ನೂ ಕಥೆಯೆಂದೇ ತಿಳಿದು ಓದಿತು.

ಆ ಹುಡುಗಿಯನ್ನು ಕಂಡು ನಮಗೆ ನಮ್ಮ ಬಾಲ್ಯವೇ ಎದುರಿಗೆ ನಿಂತಂತಾಯಿತು. ಮಠದ ಪಾಠಶಾಲೆಯಲ್ಲಿ ನಾವು ಹನ್ನೆರಡು ವರ್ಷದ ವಟುವಾಗಿದ್ದಾಗ, ಶಾಸ್ತ್ರಗ್ರಂಥವೊಂದರ ಎರಡು ಪುಟಗಳನ್ನು ಬಾಯಿಪಾಠ ಮಾಡಿ ಗುರುಗಳ ಮುಂದೆ ಏರುದನಿಯಲ್ಲಿ ಒಪ್ಪಿಸಿದೆವು. ಶಹಬ್ಬಾಸ್ ಎನ್ನುವರೆಂದು ಕಾದಿದ್ದೆವು. ಗುರುಗಳು ಶಾಂತವಾಗಿ, “ಇದು ಯಾರ ಮಾತು?” ಎಂದು ಕೇಳಿದರು. “ಗ್ರಂಥಕರ್ತರದು” ಎಂದೆವು. ಪಾಠಶಾಲೆಯ ಹಿರಿಯ ವಿದ್ಯಾರ್ಥಿಗಳೆಲ್ಲ ಗೊಳ್ಳೆಂದು ನಕ್ಕರು. ನಾವು ಅಷ್ಟು ಆವೇಶದಿಂದ ಒಪ್ಪಿಸಿದ್ದು ಪೂರ್ವಪಕ್ಷವನ್ನು, ಅಂದರೆ ಗ್ರಂಥಕರ್ತರು ಖಂಡಿಸುವುದಕ್ಕಾಗಿಯೇ ಎತ್ತಿಟ್ಟ ಎದುರಾಳಿಯ ವಾದವನ್ನು! ಅಂದಿನಿಂದ ಗುರುಗಳು ನಮಗೆ ಹೊಸ ಶ್ಲೋಕ ಹೇಳಿಕೊಡುವ ಮುನ್ನ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿದರು: ಈ ಮಾತು ಇಲ್ಲಿ ಯಾವ ಕೆಲಸಕ್ಕೆ ಕುಳಿತಿದೆ? ಹೆಸರು ಹೇಳುವುದಕ್ಕೋ, ಲಕ್ಷಣ ಹೇಳುವುದಕ್ಕೋ, ಕಾರಣ ಕೊಡುವುದಕ್ಕೋ, ಸಂಶಯ ಎತ್ತುವುದಕ್ಕೋ?

ಇದು ನಮ್ಮ ಗುರುಗಳ ಸ್ವಂತ ಕಲ್ಪನೆಯಲ್ಲ. ಶಾಸ್ತ್ರ ಬರೆದವರು ಬರೆಹದ ಕಟ್ಟಡವನ್ನು ಕುರಿತು ಬಹು ಹಿಂದೆಯೇ ಚಿಂತಿಸಿದ್ದಾರೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಕೊನೆಯ ಅಧಿಕರಣ ಇರುವುದೇ ಇದಕ್ಕಾಗಿ. ಅಲ್ಲಿ 32 ತಂತ್ರಯುಕ್ತಿಗಳನ್ನು ಎಣಿಸಲಾಗಿದೆ. ವಿಷಯಗಳ ಆನುಪೂರ್ವಿಯನ್ನು ತಿಳಿಸುವುದು ವಿಧಾನ, ಕಾರಣ ಕೊಡುವುದು ಹೇತ್ವರ್ಥ, ಹೀಗೆ. ಚರಕಸಂಹಿತೆಯಲ್ಲಿ ಈ ಸಂಖ್ಯೆ 36. ಶಿರ್ತಾಡಿಯ ನೆರೆಯ ಮೂಡುಬಿದಿರೆಯಲ್ಲಿಯೇ ಇದಕ್ಕೊಂದು ಸಾಕ್ಷಿಯುಂಟು. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಉಳಿದು, 1939ರಿಂದ 16 ಸಂಪುಟಗಳಲ್ಲಿ ಅಚ್ಚಾದ ಧವಲಾ ಟೀಕೆಯ ತಾಳೆಗರಿಗಳನ್ನು ವಾಚಕರು ಕೇಳಿರಬಹುದು. ಸುಮಾರು 1200 ವರ್ಷಗಳ ಹಿಂದೆ ಅದನ್ನು ರಚಿಸಿದ ವೀರಸೇನಾಚಾರ್ಯರು, ಶಾಸ್ತ್ರವನ್ನು ವ್ಯಾಖ್ಯಾನಿಸುವ ಮೊದಲು ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ ಎಂಬ ಆರನ್ನು ಹೇಳಿರಬೇಕೆಂಬ ನಿಯಮದಿಂದಲೇ ಆರಂಭಿಸುತ್ತಾರೆ. ಮುಂದಿರುವುದು ಏನು, ಏಕೆ, ಎಷ್ಟು ಎಂಬುದನ್ನು ತಿಳಿಯದವನು ಗ್ರಂಥದ ಒಳಹೊಕ್ಕು ದಾರಿ ತಪ್ಪುತ್ತಾನೆಂಬ ಕಳಕಳಿ ಅದರಲ್ಲಿದೆ.

ದೊಡ್ಡ ಗ್ರಂಥಗಳ ಮಾತು ಹಾಗಿರಲಿ. ಎಳೆಯ ಮಕ್ಕಳಿಗೆ ಮೂವತ್ತಾರು ಯುಕ್ತಿಗಳು ಬೇಕಿಲ್ಲ. ಅವರ ಪಾಠಗಳಲ್ಲಿ ಬರುವ ವಿಷಯಬರೆಹಗಳ ಕಟ್ಟಡ ಮುಖ್ಯವಾಗಿ ಐದು ಬಗೆ. ಮರುದಿನ ಬೆಳಿಗ್ಗೆ ಆ ಹುಡುಗಿಯನ್ನು ಕರೆದುಕೊಂಡು ತೋಟದೊಳಗೆ ಅಡ್ಡಾಡುತ್ತ, ಕಣ್ಣೆದುರಿನ ಅಡಿಕೆಯಿಂದಲೇ ಐದನ್ನೂ ತೋರಿಸಲು ಯತ್ನಿಸಿದೆವು. ಮರ ಹೇಗಿದೆ? ನೆಟ್ಟಗಿನ ಕಾಂಡ, ತುದಿಯಲ್ಲಿ ಸೋಗೆ, ಸೋಗೆಯ ಬುಡಕ್ಕೆ ಹಾಳೆ, ಹಾಳೆಯ ಮರೆಯಿಂದ ಹೊರಬರುವ ಹಿಂಗಾರ. ಇದು ವರ್ಣನೆ. ಇದನ್ನು ಹಿಂದುಮುಂದಾಗಿ ಹೇಳಿದರೂ ಹಾನಿಯಿಲ್ಲ. ಮದ್ದು ಹೇಗೆ ಕೂಡಿಸುತ್ತಾರೆ? ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕರಗಿಸಿ, ಮೊದಲನೆಯದನ್ನು ಎರಡನೆಯದಕ್ಕೆ ಕಲಕುತ್ತ ಸುರಿಯುತ್ತಾರೆ. ಆಮೇಲೆ ಉಜ್ಜಿದ ಚೂರಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಇದು ಅನುಕ್ರಮ. ಇಲ್ಲಿ ಹಿಂದುಮುಂದಾದರೆ ಮದ್ದಿನ ಶಕ್ತಿ ಕುಂದುತ್ತದೆ, ಕೂಲಿ ವ್ಯರ್ಥವಾಗುತ್ತದೆ, ಮಳೆ ಕಾಯುವುದಿಲ್ಲ.

ಬಿಡದೆ ಸುರಿಯುವ ಮಳೆ, ಆರದ ತೇವ, ಆ ತೇವದಲ್ಲಿ ಬೆಳೆಯುವ ಸೂಕ್ಷ್ಮಜೀವಿ, ಕೊಳೆತು ಉದುರುವ ಕಾಯಿ. ಇದು ಕಾರಣ ಮತ್ತು ಕಾರ್ಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಕುರಿತು ಮಾಡಿದ ಅಧ್ಯಯನ ಈ ಸರಪಳಿಯದೇ. ಕರಾವಳಿಯ ಚಾಲಿ ಮತ್ತು ಮಲೆನಾಡಿನ ಕೆಂಪಡಿಕೆ ಹೋಲಿಕೆಗೆ ಒದಗುತ್ತವೆ. ಚಾಲಿಗೆ ಹಣ್ಣಡಿಕೆಯನ್ನು ಸಿಪ್ಪೆಸಹಿತ ನಲವತ್ತು ದಿನದಷ್ಟು ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಕೆಂಪಡಿಕೆಗೆ ಹಸಿರುಕಾಯಿಯನ್ನು ಮೊದಲೇ ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಕೊನೆಯದು ಸಮಸ್ಯೆ ಮತ್ತು ಪರಿಹಾರ: ಕೊಳೆರೋಗ ಸಮಸ್ಯೆ, ಮದ್ದು ಪರಿಹಾರ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ರೈತರು ಎರಚಿದ ತುತ್ತು-ಸುಣ್ಣವನ್ನು ಕಂಡು, ಆ ಬಳ್ಳಿಗಳಿಗೆ ರೋಗ ತಗುಲಿಲ್ಲವೆಂದು ಗಮನಿಸಿದ ಮಿಲಾರ್ಡೆ ಎಂಬ ಪಂಡಿತರು 1885ರಲ್ಲಿ ಈ ಮದ್ದನ್ನು ಲೋಕಕ್ಕೆ ತಿಳಿಸಿದರು ಎಂಬುದನ್ನೂ ಹೇಳಿದೆವು. ಕಳ್ಳರ ಭಯದಿಂದ ಔಷಧ ಹುಟ್ಟಿತೆಂದು ಹುಡುಗಿಗೆ ಮಹದಾನಂದವಾಯಿತು!

ಈ ಐದು ಬಗೆಗಳ ವಿಚಾರವನ್ನು ಪಾಶ್ಚಾತ್ಯ ದೇಶಗಳಲ್ಲಿ ಸಾಕಷ್ಟು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಬಾನಿ ಮೇಯರ್ ಎಂಬ ವಿದುಷಿ 1975ರಲ್ಲಿ ಗದ್ಯದ ಕಟ್ಟಡಕ್ಕೂ ಓದುಗರ ನೆನಪಿಗೂ ಇರುವ ಸಂಬಂಧವನ್ನು ಕುರಿತು ಗ್ರಂಥ ಬರೆದರು. 1980ರಲ್ಲಿ ಅವರೂ ಸಂಗಡಿಗರೂ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಪರಿಶೀಲಿಸಿ, ಲೇಖಕನ ಕಟ್ಟಡವನ್ನು ಹಿಡಿದು ಓದುವವರು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆಂದು ತೋರಿಸಿದರು. ಎರಡನೆಯ ತರಗತಿಯ ಪುಟ್ಟ ಮಕ್ಕಳಿಗೂ ಇದು ಸಾಧ್ಯವೇ ಎಂದು ಜೋಆನಾ ವಿಲಿಯಮ್ಸ್ ಎಂಬುವರು ಪ್ರಾಣಿಗಳನ್ನು ಹೋಲಿಸುವ ಪಾಠಗಳ ಮೂಲಕ ಪ್ರಯೋಗಿಸಿ 2005ರಲ್ಲಿ ಫಲಿತವನ್ನು ಪ್ರಕಟಿಸಿದರು. ಸಾಧ್ಯವಾಯಿತು. ಆ ಮಕ್ಕಳು ಹಿಂದೆ ಕಾಣದ ಹೊಸ ಹೋಲಿಕೆಯ ಬರೆಹವನ್ನೂ ಬಿಡಿಸಬಲ್ಲವರಾದರು. ಆದರೆ ಹೋಲಿಕೆ ಕಲಿತ ಮಾತ್ರಕ್ಕೆ ಬೇರೆ ಬಗೆಯ ಕಟ್ಟಡ ತಾನಾಗಿ ತಿಳಿಯಲಿಲ್ಲ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ.

ಇಲ್ಲಿ ನಮ್ಮದೊಂದು ತಕರಾರಿದೆ. ಇಂಗ್ಲಿಷಿನಲ್ಲಿ ಈ ಪಾಠ ಹೇಳುವವರು ಮಕ್ಕಳಿಗೆ ಕುರುಹಿನ ಪದಗಳ ಪಟ್ಟಿ ಕೊಡುತ್ತಾರೆ. ಇಂಥ ಪದ ಕಂಡರೆ ಕಾರಣ, ಇಂಥದು ಕಂಡರೆ ಹೋಲಿಕೆ ಎಂದು. ಆ ಪಟ್ಟಿಯನ್ನು ಹಾಗೆಯೇ ಕನ್ನಡಿಸಿ, ಏಕೆಂದರೆ, ಆದ್ದರಿಂದ, ಆದರೆ, ನಂತರ ಎಂದು ಗೋಡೆಗೆ ಅಂಟಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಕನ್ನಡವು ಈ ಕುರುಹುಗಳನ್ನು ಬಹಳಷ್ಟು ಸಲ ಬಿಡಿ ಪದವಾಗಿ ಇಡದೆ, ಪದದ ಬಾಲದಲ್ಲಿ ಅಡಗಿಸಿಡುತ್ತದೆ. “ಕಾಯಿ ಕೊಯ್ದು ಒಣಗಿಸಿದರು” ಎಂಬಲ್ಲಿ ಕೊಯ್ದು ಎನ್ನುವುದು ಬರಿಯ ಅನುಕ್ರಮ. “ಮಳೆ ಹಿಡಿದು ಕಾಯಿ ಉದುರಿದವು” ಎಂಬಲ್ಲಿ ಹಿಡಿದು ಎನ್ನುವುದು ಕಾರಣ. ಎರಡಕ್ಕೂ ಬಾಲ ಒಂದೇ. “ಮಳೆಯಿಂದ” ಎಂದರೆ ಕಾರಣ, “ಮೂಡುಬಿದಿರೆಯಿಂದ” ಎಂದರೆ ಹೊರಟ ಜಾಗ, “ಚೂರಿಯಿಂದ” ಎಂದರೆ ಸಾಧನ. “ಮಳೆ ಬಂತು, ಆದರೆ” ಎಂದಾಗ ವಿರೋಧ, “ಮಳೆ ಹೆಚ್ಚಾದರೆ” ಎಂದಾಗ ಷರತ್ತು. ಇನ್ನು “ಮುನ್ನ” ಎಂಬ ಪುಟ್ಟ ಪದವಂತೂ ಹಿಂದಿನದನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ತಿರುಗಿಸಿಬಿಡುತ್ತದೆ. ಶಿರ್ತಾಡಿಯ ಹುಡುಗಿ ಎಡವಿದ ಕಲ್ಲು ಇದೇ. ಅವಳಿಗೆ ಮನೆಯಲ್ಲಿ ಬಡಗಣ ಕನ್ನಡ, ಆಟದಂಗಳದಲ್ಲಿ ತುಳು, ಪುಸ್ತಕದಲ್ಲಿ ಮೂರನೆಯದಾದ ಗ್ರಂಥಸ್ಥ ಕನ್ನಡ. “ಅದಕ್ಕೆ ಮುನ್ನ ಕರಗಿಸಿಕೊಂಡಿರಬೇಕು” ಎಂಬಂಥ ವಾಕ್ಯವನ್ನು ಅವಳು ಯಾರ ಬಾಯಲ್ಲಿಯೂ ಕೇಳಿರಲಾರಳು.

ಆದ್ದರಿಂದ ಪಟ್ಟಿಗಿಂತ ಪ್ರಶ್ನೆ ಮೇಲು. ವಾಕ್ಯವನ್ನು ಓದಿ “ಏಕೆ?” ಎಂದು ಕೇಳಿ ನೋಡಬೇಕು. ಏಕೆ ಉದುರಿದವು? ಮಳೆ ಹಿಡಿದು. ಉತ್ತರ ಒಗ್ಗಿತು, ಆದುದರಿಂದ ಅದು ಕಾರಣ. ಏಕೆ ಒಣಗಿಸಿದರು? ಕೊಯ್ದು. ಒಗ್ಗಲಿಲ್ಲ. “ಆಮೇಲೆ?” ಎಂದು ಕೇಳಿದರೆ ಒಗ್ಗುತ್ತದೆ. ಹುಡುಗಿಗೆ ಇದೊಂದು ಆಟವಾಯಿತು. ಸಂಜೆಯವರೆಗೆ ತಾಯಿಯ ಪ್ರತಿಯೊಂದು ಮಾತಿಗೂ ಏಕೆ-ಆಮೇಲೆ ಹಚ್ಚಿ, ಅಡಿಗೆಮನೆಯಿಂದ ಬೈಸಿಕೊಂಡು ಬಂದಳು.

ಶಾಲೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಪಾಠದ ಕೊನೆಯ ಅಭ್ಯಾಸವನ್ನು ಗೃಹಿಣಿಯರೂ ಹಿರಿಯರೂ ಒಮ್ಮೆ ತೆರೆದು ನೋಡಬೇಕು. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿರಿ. ಜಾಣ ಮಗು ಪ್ರಶ್ನೆಯಲ್ಲಿರುವ ಪದವನ್ನೇ ಪಾಠದಲ್ಲಿ ಹುಡುಕಿ, ಅದರ ಪಕ್ಕದ ವಾಕ್ಯವನ್ನು ಎತ್ತಿ ಬರೆದು ಪೂರ್ಣ ಅಂಕ ಪಡೆಯುತ್ತದೆ. ಅರ್ಥವಾಗಬೇಕೆಂಬ ಅಗತ್ಯವೇ ಬೀಳುವುದಿಲ್ಲ. ದೇಶದ ಮಕ್ಕಳ ಓದನ್ನು ಅಳೆಯಲು 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯ ಓದಿನ ಹಾಳೆಯಲ್ಲಿಯೂ ಅಕ್ಷರ, ಪದ, ಸಣ್ಣ ಪರಿಚ್ಛೇದಗಳನ್ನು ದಾಟಿದ ಮೇಲೆ ಕೊನೆಯ ಮೆಟ್ಟಿಲು ಎರಡನೆಯ ತರಗತಿಯ ಮಟ್ಟದ ಒಂದು ಕಥೆ. ಆ ಮೆಟ್ಟಿಲನ್ನೇ ಏರಲಾಗದ ಮಕ್ಕಳು ಹಲವರಿರುವುದು ನಿಜ, ಅವರ ಚಿಂತೆ ಮೊದಲು. ಆದರೆ ಅದನ್ನು ಏರಿದವರಿಗೂ ಮುಂದೆ ಹಾದಿಯಿದೆ ಎಂಬುದನ್ನು ಮರೆಯಬಾರದು. ನಮ್ಮ ರಾಜ್ಯದಲ್ಲಿ ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನವೆಂಬ ಒಂದೇ ಪುಸ್ತಕ. ಆರಕ್ಕೆ ಬಂದೊಡನೆ ವಿಜ್ಞಾನ ಬೇರೆ, ಸಮಾಜ ವಿಜ್ಞಾನ ಬೇರೆ. ಅಲ್ಲಿ ರಾಜನೂ ಇಲ್ಲ, ಬೇಟೆಯೂ ಇಲ್ಲ. ಇದ್ದರೂ ಅವನು ಏಕೆ ಸೋತನೆಂಬುದಕ್ಕೆ ನಾಲ್ಕು ಕಾರಣಗಳಿರುತ್ತವೆ. ನಾಲ್ಕನೆಯವರೆಗೆ ಮೊದಲಿಗಳಾಗಿದ್ದ ಮಗು ಆರರಲ್ಲಿ ಹಠಾತ್ತನೆ ಮಂಕಾಯಿತೆಂದು ಕೊರಗುವ ತಂದೆತಾಯಂದಿರನ್ನು ನಾವು ಹಲವು ಊರುಗಳಲ್ಲಿ ಕಂಡಿದ್ದೇವೆ. ಮಗು ಮಂಕಾಗಿರುವುದಿಲ್ಲ, ಬರೆಹದ ಬಗೆ ಬದಲಾಗಿರುತ್ತದೆ.

ಇದೇ ಜಿಲ್ಲೆಯ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗೆ ಕಥೆಯನ್ನೂ ಹಾಡನ್ನೂ ಕೊಟ್ಟರು. ವಿಷಯದ ಬರೆಹವನ್ನು ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದುಕೊಂಡು 1936ರಲ್ಲಿ ಬಾಲಪ್ರಪಂಚದ ಮೂರು ಸಂಪುಟಗಳಲ್ಲಿ ಕೊಟ್ಟರು. ಮೊದಲನೆಯವರ ಹಾಡು ಮನೆಮನೆಯಲ್ಲಿದೆ. ಎರಡನೆಯವರ ಸಂಪುಟಗಳು ಎಷ್ಟು ಮನೆಗಳಲ್ಲಿವೆ? ಹಬ್ಬಕ್ಕೆ ಅಂಗಿ ಕೊಳ್ಳುವಾಗ ಇಂಥದೊಂದು ಪುಸ್ತಕವನ್ನೂ ಕೊಳ್ಳಬಹುದಲ್ಲವೆ? ಪುಸ್ತಕವಿಲ್ಲದಿದ್ದರೂ ಔಷಧದ ಡಬ್ಬಿಯ ಚೀಟಿ, ಬೀಜದ ಪೊಟ್ಟಣ, ಪಂಚಾಯತಿಯ ಪ್ರಕಟಣೆ, ಇದೇ ಪತ್ರಿಕೆಯ ಅಡಿಗೆಯ ಅಂಕಣ, ಎಲ್ಲವೂ ಓದಿಗೆ ಯೋಗ್ಯವೇ. ಓದಿಸಿ, ಚಿತ್ರ ಬರೆಯಿಸಿ. ಅನುಕ್ರಮವಾದರೆ ಮೆಟ್ಟಿಲು, ಹೋಲಿಕೆಯಾದರೆ ಎರಡು ಕಂಬದ ಕೋಷ್ಟಕ, ಕಾರಣವಾದರೆ ಬಾಣದ ಗುರುತು. ಚಿತ್ರ ಸರಿಯಾಗಿ ಮೂಡದಿದ್ದರೆ ಓದು ಎಲ್ಲಿ ತಪ್ಪಿತೆಂಬುದು ಅಲ್ಲಿಯೇ ಕಾಣುತ್ತದೆ. ವಚನಗಳನ್ನು ನಿತ್ಯ ಪಠಿಸುವ ಮನೆಗಳಿಗಂತೂ ಇದು ಅಪರಿಚಿತವಲ್ಲ. ಲೋಕದ ಒಂದು ದೃಷ್ಟಾಂತ ಮೊದಲು, ಅದರ ಅನ್ವಯ ಅನಂತರ, ಕಡೆಗೆ ಅಂಕಿತ ಎಂಬ ಕಟ್ಟಡ ಎಷ್ಟೋ ವಚನಗಳಲ್ಲಿದೆ. ಎಲ್ಲಿ ದೃಷ್ಟಾಂತ ಮುಗಿಯಿತೆಂದು ಮಕ್ಕಳನ್ನು ಕೇಳಿ ನೋಡಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈಚೆಗೆ ಬರುವ ಕೆಲವು ಅಭ್ಯಾಸಪುಸ್ತಕಗಳು ಒಂದು ಪರಿಚ್ಛೇದ ಕೊಟ್ಟು, ಕೆಳಗೆ ಐದು ಹೆಸರು ಬರೆದು, ಸರಿಯಾದುದಕ್ಕೆ ಗುರುತು ಹಾಕಿರೆನ್ನುತ್ತವೆ. ಇದು ಹಳೆಯ ಬಾಯಿಪಾಠಕ್ಕೆ ಹೊಸ ಅಂಗಿ. ನಿಜವಾದ ಬರೆಹ ಒಂದೇ ಬಗೆಯಲ್ಲಿ ಇರುವುದು ಅಪರೂಪ. ಆ ಮದ್ದಿನ ಹಾಳೆಯಲ್ಲಿಯೇ ಮೊದಲೆರಡು ವಾಕ್ಯ ಕಾರಣ, ಮುಂದಿನದು ಪರಿಹಾರ, ಉಳಿದುದು ಅನುಕ್ರಮ. ಹೆಸರು ಹೇಳಲು ಬರದಿದ್ದರೂ ಚಿಂತೆಯಿಲ್ಲ, ಈ ವಾಕ್ಯ ಇಲ್ಲಿ ಏಕಿದೆ ಎಂದು ಹೇಳಲು ಮಗುವಿಗೆ ಬಂದರೆ ಸಾಕು.

ಮೊದಲನೆಯ ಸಲ ಮದ್ದು ಬಿಟ್ಟು ನಲವತ್ತು-ನಲವತ್ತೈದು ದಿನಗಳಿಗೆ ಎರಡನೆಯ ಸಲ ಬಿಡಬೇಕು. ಆ ಹೊತ್ತಿಗೆ ಶಿಕ್ಷಕರಿಂದ ನಮಗೆ ಒಂದು ಕಾಗದ ಬಂತು. ಮದ್ದು ಕೂಡಿಸುವ ಕೆಲಸಕ್ಕೆ ಹೊಸ ಆಳು ಬಂದಿದ್ದನಂತೆ, ಅವನಿಗೆ ಓದು ಬಾರದು. ಹುಡುಗಿ ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಎರಡು ಪೀಪಾಯಿ ಬರೆದು, ಒಂದಕ್ಕೆ ನೀಲಿ, ಒಂದಕ್ಕೆ ಬಿಳಿ ಬಣ್ಣ ಹಚ್ಚಿ, ನೀಲಿಯಿಂದ ಬಿಳಿಗೆ ಬಾಣ ಎಳೆದು, ಮೂರನೆಯ ಮೆಟ್ಟಿಲಿನಲ್ಲಿ ಒಂದು ಚೂರಿ ಬರೆದು ಕೊಟ್ಟಳಂತೆ. ಮನೆಯೊಡೆಯರು ಅದನ್ನು ಪಂಪುಶೆಡ್ಡಿನ ಬಾಗಿಲಿಗೆ ಅಂಟಿಸಿದ್ದಾರೆ. ಕಾಗದದ ಕೊನೆಯಲ್ಲಿ ಹುಡುಗಿಯ ಅಕ್ಷರದಲ್ಲಿ ಎರಡು ಸಾಲು ಇದ್ದವು: ತನ್ನ ಪರಿಸರ ಅಧ್ಯಯನದ ಪಾಠವೊಂದರಲ್ಲಿ ಏನು ಮಾಡಬೇಕೆಂದು ಬರೆದಿದ್ದಾರೆ, ಏಕೆಂದು ಎಲ್ಲಿಯೂ ಬರೆದೇ ಇಲ್ಲ, ಅದನ್ನು ಯಾರನ್ನು ಕೇಳಬೇಕು ಅಜ್ಜಾ, ಎಂದು.